ಮೂರನೇ ಮಹಡಿಯ ಸಮುದ್ರಕ್ಕೊಂದು ಪಂಪ್

ಸುಟ್ಟುಹೋಯಿತೆಂದು ಪರಿಹಾರ ಕೇಳಿದವರ ಅಂಗಡಿ ನಿಜವಾಗಿ ಸುಟ್ಟಿದೆಯೇ, ಕಾಲು ಮುರಿಯಿತೆಂದವರ ಕಾಲು ನಿಜವಾಗಿ ಮುರಿದಿದೆಯೇ ಎಂದು ನೋಡಿಬರುವುದು ವಿಮಾ ಕಂಪನಿಯಲ್ಲಿ ಅವರ ಕೆಲಸ. ಅರ್ಧ ಆಯುಷ್ಯ ಇದರಲ್ಲೇ ಕಳೆದ ಮನುಷ್ಯನಿಗೆ, ಕಾಫಿಗೆ ಸಕ್ಕರೆ ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ಚಮಚದಿಂದ ತಳ ಕೆದಕಿ ನೋಡುವ ಚಾಳಿ ಅಂಟಿಕೊಂಡರೆ ಆಶ್ಚರ್ಯವಿಲ್ಲ. ಕಟ್ಟಡದವರೆಲ್ಲ ಅವರನ್ನು ತಪಾಸಣೆಯವರು ಎಂದೇ ಕರೆಯುತ್ತಿದ್ದರು. ಅವರ ಬಾಯಲ್ಲಿ ಸದಾ ಒಂದೇ ಮಾತು: "ಇದರಲ್ಲಿ ಏನೋ ಇದೆ." ಮೆಟ್ಟಿಲಿನ ದೀಪ ಕೆಟ್ಟರೆ ಏನೋ ಇದೆ. ಕೆಟ್ಟ ದೀಪ ಬೇಗ ರಿಪೇರಿಯಾದರಂತೂ ಖಂಡಿತ ಏನೋ ಇದೆ.

ಯಾರನ್ನೂ ನಂಬದವರು ಬೀಗವನ್ನಾದರೂ ನಂಬಲೇಬೇಕು. ತಪಾಸಣೆಯವರು ಬೀರುವಿಗೆ ಬೀಗ ಹಾಕಿದ್ದರು, ಚಪ್ಪಲಿ ಗೂಡಿಗೆ ಹಾಕಿದ್ದರು, ಒಳ್ಳೆಯ ಕತ್ತರಿ ಇಟ್ಟ ಡ್ರಾಯರಿಗೂ ಹಾಕಿದ್ದರು. ಸೊಂಟಕ್ಕೆ ಸಿಕ್ಕಿಸಿದ ಕೀಲಿಗೊಂಚಲು ಅವರು ಬರುವ ಮೊದಲೇ ಅವರ ಆಗಮನವನ್ನು ಸಾರುತ್ತಿತ್ತು. ಆ ಗೊಂಚಲಿನಲ್ಲಿ ಒಂದು ಪುಟ್ಟ ಹಿತ್ತಾಳೆ ಕೀ ಮಾತ್ರ ಯಾವ ಬೀಗದ್ದೆಂದು ಅವರಿಗೇ ತಿಳಿಯದು. ಬಿಡುವಾದಾಗಲೆಲ್ಲ ಅದನ್ನು ಮನೆಯ ಒಂದೊಂದು ಬೀಗಕ್ಕೂ ತೂರಿಸಿ ನೋಡುತ್ತಿದ್ದರು.

"ಮರೆತಿರ್ತೀರಿ, ಬಿಡಿ," ಎನ್ನುತ್ತಿದ್ದಳು ಹೆಂಡತಿ.

"ನಾನು ಮರೆಯೋದು ಅಂದ್ರೇನು? ಯಾರೋ ಬೀಗ ಬದಲಾಯಿಸಿದ್ದಾರೆ."

ಇಂಥವರ ಕೈಗೆ ಕಟ್ಟಡದ ನೀರಿನ ಉಸ್ತುವಾರಿ ಬಂದದ್ದು ಯಾರ ದುರದೃಷ್ಟವೋ ಹೇಳಲಾಗದು. ಕಳೆದ ಬೇಸಿಗೆಯಿಂದ ಕಟ್ಟಡದ ಎಲ್ಲ ಮನೆಗಳಲ್ಲೂ ನಲ್ಲಿಯ ನೀರು ದಾರದಂತೆ ಬರುತ್ತಿತ್ತು. ಯಾರೋ ಕಳ್ಳತನದಿಂದ ಕೊಳವೆಗೆ ಪಂಪ್ ಹಾಕಿ ನೀರೆಳೆಯುತ್ತಿದ್ದಾರೆ ಎಂದು ತಪಾಸಣೆಯವರು ತೀರ್ಮಾನಿಸಿದರು. ಮೆಟ್ಟಿಲ ಮೇಲೆ ಎಲ್ಲರನ್ನೂ ಸೇರಿಸಿ ಒಂದು ನಿಯಮ ಮಾಡಿಸಿದರು: ಯಾರ ಮನೆಯಲ್ಲಿ ಯಾವುದೇ ಬಗೆಯ ಪಂಪ್ ಸಿಕ್ಕಿದರೂ ಆ ಮನೆಯ ನೀರಿನ ಸಂಪರ್ಕ ಒಂದು ತಿಂಗಳು ಕಡಿತ. ಕಾರಣ ಕೇಳುವಂತಿಲ್ಲ, ಹೇಳುವಂತಿಲ್ಲ.

ಆ ನಿಯಮದ ಮೊದಲ ಬಲಿ ಎದುರುಮನೆಯ ಹಲ್ಲಿನ ಡಾಕ್ಟರು. ಅವರ ಹಾಲಿನ ಮೂಲೆಯಲ್ಲಿ ಬೋಗುಣಿಯಷ್ಟು ದೊಡ್ಡ ಕಾರಂಜಿಯೊಂದಿತ್ತು. ಅದರೊಳಗೆ ನಿಂಬೆಹಣ್ಣಿನ ಗಾತ್ರದ ಪಂಪ್.

"ಇದು ಆಟದ ಸಾಮಾನು ಸಾರ್. ಅದೇ ನೀರು ಮೇಲೆ ಹೋಗುತ್ತೆ, ಅದೇ ನೀರು ಕೆಳಗೆ ಬರುತ್ತೆ. ನೋಡ್ತಾ ಕೂತ್ರೆ ಮನಸ್ಸಿಗೆ ಸಮಾಧಾನ," ಎಂದರು ಡಾಕ್ಟರು.

"ಡಾಕ್ಟ್ರೇ, ಪಂಪ್ ಅಂದ್ರೆ ಪಂಪ್. ಸಮಾಧಾನಕ್ಕೆ ಬೇರೆ ದಾರಿ ನೋಡ್ಕೊಳ್ಳಿ."

ಮೊದಲ ತಪ್ಪೆಂದು ದೊಡ್ಡ ಮನಸ್ಸು ಮಾಡಿ ನೀರು ಕಡಿಯದೆ ಬಿಟ್ಟರು. ಪಂಪನ್ನು ಮಾತ್ರ ಕಿತ್ತು ತಂದು ತಮ್ಮ ಅಡುಗೆಮನೆಯ ಅಟ್ಟದ ಮೇಲೆ ಇಟ್ಟರು. ಅಂದಿನಿಂದ ಡಾಕ್ಟರು ಒಣಗಿದ ಬೋಗುಣಿಯ ಮುಂದೆ ಕೂತು ಎದುರುಮನೆಯ ಬಾಗಿಲನ್ನೇ ನೋಡತೊಡಗಿದರು.

ಇಷ್ಟರಲ್ಲಿ ತಪಾಸಣೆಯವರು ಹೆಂಡತಿಯ ತಮ್ಮನ ಮನೆಗೆ ಹೋಗಿದ್ದಾಗ ನಾಲಗೆ ಹರಿಯಬಿಟ್ಟರು. ಭಾವಮೈದುನ ಹಳೆಯ ಸಾಮಾನಿನ ವ್ಯಾಪಾರಿ. ಅವನ ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳಿದ್ದವು, ಬಂದವರೆಲ್ಲ ಹೊಗಳುತ್ತಿದ್ದರು. ತಪಾಸಣೆಯವರಿಗೆ ಸುಮ್ಮನಿರಲಾಗಲಿಲ್ಲ.

"ಸಿಹಿನೀರಿನ ಮೀನು ಯಾರು ಬೇಕಾದ್ರೂ ಸಾಕ್ತಾರಪ್ಪ, ಅವು ಬಕೆಟ್ಟಲ್ಲೂ ಬದುಕ್ತವೆ. ಸಾಕಿದ್ರೆ ಸಮುದ್ರದ ಮೀನು ಸಾಕ್ಬೇಕು. ನಾನಾಗಿದ್ರೆ ಅದನ್ನೇ ಸಾಕ್ತಿದ್ದೆ."

ಮಾತಿಗೆ ಸುಂಕವಿಲ್ಲದಿದ್ದರೂ ಸಾಗಾಣಿಕೆ ಇರುತ್ತದೆ ಎಂದು ಅವರಿಗೆ ಆಗ ಹೊಳೆಯಲಿಲ್ಲ. ವಾರ ತಿರುಗುವುದರೊಳಗೆ ಭಾವಮೈದುನನ ವ್ಯಾನು ಬಂದು ನಿಂತಿತು. ಸೊಂಟದೆತ್ತರದ ಸ್ಟ್ಯಾಂಡು, ಅದರ ಮೇಲೆ ಗಾಜಿನ ತೊಟ್ಟಿ, ಅಡಿಯಲ್ಲಿ ಇನ್ನೊಂದು ತೊಟ್ಟಿ, ಒಂದು ಮೂಟೆ ಸಮುದ್ರದುಪ್ಪು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಿತ್ತಳೆ ಬಣ್ಣದ ಮೀನು.

"ಭಾವ, ನಿಮ್ಮ ಆಸೆ ನನಗೆ ಗೊತ್ತಾಗಲ್ವಾ? ಮನೆ ಖಾಲಿ ಮಾಡೋರ ಹತ್ರ ಸಿಕ್ತು. ಮೇಲಿನ ತೊಟ್ಟಿ ನೀರು ಕೆಳಗೆ ಇಳಿಯುತ್ತೆ, ಪಂಪ್ ಅದನ್ನ ವಾಪಸ್ ಮೇಲೆ ಎತ್ತುತ್ತೆ, ಅಷ್ಟೇ. ಪಂಪ್ ಮಾತ್ರ ಸತ್ತಿದೆ, ಒಂದು ಹೊಸದು ಹಾಕ್ಕೊಳ್ಳಿ. ಬೇಗ ಹಾಕಿ, ನೀರು ಆಡ್ತಾ ಇರದಿದ್ರೆ ಈ ಮೀನು ಬದುಕಲ್ಲ. ಭಾನುವಾರ ನೋಡೋಕೆ ಬರ್ತೀನಿ."

ಪಂಪ್ ಎಂಬ ಶಬ್ದ ಕೇಳಿ ತಪಾಸಣೆಯವರು ಮೊದಲು ಮಾಡಿದ ಕೆಲಸ, ಬಾಗಿಲು ಹಾಕಿಕೊಂಡದ್ದು. ವಾಪಸು ಕಳಿಸೋಣವೆಂದರೆ ಆಡಿದ ಮಾತು ಅಡ್ಡ ಬಂತು. ಹೆಂಡತಿಯೂ ಅಡ್ಡ ಬಂದಳು. ಅವಳು ಆಗಲೇ ಗಾಜಿಗೆ ಹಣೆ ಒತ್ತಿ ನಿಂತಿದ್ದಳು.

"ಪಾಪ, ನೋಡ್ರೀ, ಎರಡೂ ಒಂದನ್ನೊಂದು ಬಿಟ್ಟಿರಲ್ಲ. ಇವು ಎಲ್ಲಿಗೂ ಹೋಗೋ ಹಾಗಿಲ್ಲ."

ಪಂಪ್ ತಂದರೆ ತಾವೇ ಮಾಡಿದ ನಿಯಮಕ್ಕೆ ತಾವೇ ಸಿಕ್ಕಿಬೀಳಬೇಕು, ಒಂದು ತಿಂಗಳು ಮನೆಗೆ ಹನಿ ನೀರಿಲ್ಲ. ತರದಿದ್ದರೆ ಮೀನು ಸಾಯುತ್ತವೆ. ಅವು ಸತ್ತರೆ ಹೆಂಡತಿಯ ಮುಖ ನೋಡುವುದು ಹೇಗೆ? ಕೊನೆಗೆ ಗುಟ್ಟಾಗಿ ತರುವುದೆಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಹೆಂಡತಿ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಸೌಟಿನಿಂದ ಸಮುದ್ರವನ್ನು ಕಲಕತೊಡಗಿದಳು.

"ಬೇಗ ಬನ್ನಿ. ನಾನು ಮದುವೆಯಾಗಿದ್ದು ನಿಮ್ಮನ್ನ, ಸಮುದ್ರಾನಲ್ಲ," ಎಂದಳು.

ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಹೋಗಿ ಒಂದು ಪಂಪ್ ಕೊಂಡು ಊಟದ ಹೊತ್ತಿಗೆ ಮನೆ ಸೇರುತ್ತಿದ್ದರು. ತಪಾಸಣೆಯವರು ಅಂಗಡಿಯವನ ಮುಂದೆ ವಿಚಾರಣೆ ಶುರುಮಾಡಿದರು.

"ಇದು ಎಷ್ಟು ನೀರು ಎತ್ತುತ್ತೆ?"

"ಗಂಟೆಗೆ ಮೂರು ಸಾವಿರ ಲೀಟರ್ ಸಾರ್."

"ಅಳೆದಿದ್ದು ಯಾರು?"

"ಪೆಟ್ಟಿಗೆ ಮೇಲೆ ಬರೆದಿದೆ ಸಾರ್."

"ಬರೆದಿದ್ದು ಯಾರು?"

"ಪಂಪ್ ಮಾಡಿದೋರು."

"ಅಂದ್ರೆ ಆರೋಪಿನೇ ಸಾಕ್ಷಿ. ಸರಿ, ಮುಂದೆ ಹೇಳಿ."

ಅಂಗಡಿಯವನು ತಾಳ್ಮೆಯ ಮನುಷ್ಯ. ದಿನವಿಡೀ ಮೀನುಗಳ ಜೊತೆ ಇದ್ದುದರಿಂದ ಮಾತು ತಿರುಗಿಸುವವರ ಅಭ್ಯಾಸ ಅವನಿಗಿರಲಿಲ್ಲ. "ಒಂದು ವಿಷಯ ಸಾರ್. ಎತ್ತರಕ್ಕೆ ಹೋದಷ್ಟೂ ನೀರು ಕಮ್ಮಿ ಆಗುತ್ತೆ. ನಿಮ್ಮ ಸ್ಟ್ಯಾಂಡಿನ ಎತ್ತರಕ್ಕೆ ಇದರಲ್ಲಿ ಅರ್ಧ ಬರಬಹುದು. ಅದನ್ನೂ ಪೆಟ್ಟಿಗೆ ಮೇಲೆ ಬರೆದಿದೆ, ಕೆಳಗಡೆ ನೋಡಿ."

ಕೆಳಗಡೆ ಬಹಳ ಚಿಕ್ಕ ಅಕ್ಷರಗಳಿದ್ದವು. ಚಿಕ್ಕ ಅಕ್ಷರಗಳಲ್ಲಿ ಏನೇನು ಬಚ್ಚಿಡಬಹುದೆಂದು ವಿಮಾ ಕಂಪನಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರು? ತಪಾಸಣೆಯವರ ಕಿವಿ ನೆಟ್ಟಗಾಯಿತು. "ಕೆಳಗಿದ್ರೆ ಮೂರು ಸಾವಿರ, ಮೇಲೆ ಹೋಗೋಷ್ಟರಲ್ಲಿ ಅರ್ಧ. ಉಳಿದ ನೀರು ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗಲ್ಲ ಸಾರ್, ಮೇಲಕ್ಕೆ ಬರೋದೇ ಇಲ್ಲ."

"ಹಾಗಂತ ನೀವು ಹೇಳ್ತೀರಿ. ಉಪ್ಪುನೀರಿಗೆ ತಡೆಯುತ್ತಾ?"

"ತಡೆಯುತ್ತೆ. ಹೊರಗೆಲ್ಲ ಪ್ಲಾಸ್ಟಿಕ್ಕು. ನೀರಿಗೆ ತಗಲೋ ಕಡೆ ಕಬ್ಬಿಣ ಇಲ್ಲ, ತುಕ್ಕು ಹಿಡಿಯಲ್ಲ."

ತಪಾಸಣೆಯವರು ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಪಂಪಿಗೆ ಮುಟ್ಟಿಸಿದರು. ಅದು ಟಕ್ಕನೆ ಅಂಟಿಕೊಂಡಿತು. ಅವರು ಅಂಗಡಿಯವನ ಮುಖ ನೋಡಿದರು. ಅಂಗಡಿಯವನು ಅಯಸ್ಕಾಂತ ನೋಡಿದ.

"ಒಳಗೂ ಒಂದು ಅಯಸ್ಕಾಂತ ಇದೆ ಸಾರ್, ಮೇಲೆ ಪ್ಲಾಸ್ಟಿಕ್ ಮುಚ್ಚಿರುತ್ತೆ. ಪಂಪ್ ತಿರುಗೋದೇ ಅದರಿಂದ. ಅದಕ್ಕೆ ಅಂಟ್ಕೊಂಡಿದೆ."

ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧವಾಗಿತ್ತು. ಸುಳ್ಳು ಹೇಳುವವರು ಮಾತ್ರ ಇಷ್ಟು ಚೆನ್ನಾಗಿ ತಯಾರಾಗಿರುತ್ತಾರೆ ಎಂಬುದು ತಪಾಸಣೆಯವರ ಅನುಭವ. "ಇದರಲ್ಲಿ ಏನೋ ಇದೆ," ಎಂದು, ಪರೀಕ್ಷಿಸಿ ವಾಪಸು ಕೊಡುವ ಕರಾರಿನ ಮೇಲೆ ಪಂಪನ್ನು ತೆಗೆದುಕೊಂಡು ಹೊರಟರು.

ಎರಡನೆಯ ಅಂಗಡಿಯವನು ಆ ಪಂಪ್ ನೋಡಿ, "ಇದು ಜಾಸ್ತಿ ಆಯ್ತು ಸಾರ್. ಮೀನು ಈಜೋ ಬದಲು ಗಾಜಿಗೆ ಅಂಟ್ಕೊಂಡಿರ್ತವೆ," ಎಂದು ಚಿಕ್ಕದೊಂದನ್ನು ಕೊಟ್ಟ. ತನ್ನ ಅಂಗಡಿಯದನ್ನೇ ಹೊಗಳುತ್ತಾನೆ ಎಂದು ಅವನ ಮೇಲೆ ಅನುಮಾನ ಬಂತು. ಮೂರನೆಯವನು ಮೊದಲನೆಯವನ ಪಂಪೇ ಸರಿ ಎಂದ. ತನ್ನ ವ್ಯಾಪಾರ ಬಿಟ್ಟು ಬೇರೆಯವನನ್ನು ಹೊಗಳುತ್ತಾನಲ್ಲ ಎಂದು ಅವನ ಮೇಲೆ ಇನ್ನೂ ಹೆಚ್ಚು ಅನುಮಾನ ಬಂತು. ಹೀಗೆ ಅಂಗಡಿಯಿಂದ ಅಂಗಡಿಗೆ, ದಿನಕ್ಕೊಂದರಂತೆ, ಪಂಪುಗಳು ಮನೆ ಸೇರತೊಡಗಿದವು.

ಸೇರಿಸುವುದು ಸುಲಭವಿರಲಿಲ್ಲ. ಮೊದಲ ಪಂಪನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ಟೈಲರಮ್ಮ ಎದುರಾದರು.

"ಯಾರ ಮಗು ಸಾರ್?"

"ನೆಂಟರದ್ದು. ಮಲಗಿದೆ, ಎಬ್ಬಿಸಬೇಡಿ."

ಟೈಲರಮ್ಮ ದಾರಿ ಬಿಟ್ಟರು. ತಪಾಸಣೆಯವರು ತಿರುವಿನಲ್ಲಿ ಮರೆಯಾಗುವಾಗ ಟವೆಲಿನ ಅಡಿಯಿಂದ ಕಪ್ಪು ವೈರು ಇಳಿಬಿದ್ದು, ಅದರ ತುದಿಯ ಪ್ಲಗ್ಗು ಒಂದೊಂದೇ ಮೆಟ್ಟಿಲನ್ನು ಟಕಟಕ ಬಡಿಯುತ್ತ ಹೋದುದನ್ನು ಅವರು ಕಣ್ಣಾರೆ ಕಂಡರು. ಪ್ಲಗ್ಗಿರುವ ಮಗುವನ್ನು ಅವರು ಅದುವರೆಗೆ ಕಂಡಿರಲಿಲ್ಲ. ಈ ಸುದ್ದಿ ಅಂದು ಸಂಜೆಯೇ ಉಪ್ಪು ಖಾರ ಹಚ್ಚಿಕೊಂಡು ಹಲ್ಲಿನ ಡಾಕ್ಟರನ್ನು ತಲುಪಿತು.

"ಮಗು ಅಳೋದು ಕೇಳಿಸ್ತಾ?" ಎಂದು ಟೈಲರಮ್ಮ ಕೇಳಿದರು.

ಡಾಕ್ಟರು ತಮ್ಮ ಸ್ಟೂಲನ್ನು ಬಾಗಿಲ ಹತ್ತಿರ ಎಳೆದುಕೊಂಡು ಕಿವಿಗೊಟ್ಟರು. "ಅಳ್ತಾ ಇಲ್ಲ. ಗುಂಯ್ ಅಂತಿದೆ."

ಒಳಗೆ ತಪಾಸಣೆಯವರು ಬಚ್ಚಲುಮನೆಯಲ್ಲಿ ಪ್ಯಾಂಟು ಮಡಚಿ ಕೂತು, ಒಂದೊಂದೇ ಪಂಪನ್ನು ಬಕೆಟ್ಟಿಗೆ ಇಳಿಸಿ, ಕೈಗಡಿಯಾರ ನೋಡುತ್ತ ಮಗ್ಗಿನಲ್ಲಿ ನೀರು ಅಳೆಯುತ್ತಿದ್ದರು. ಮಗ್ಗಿನ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ. ಒಂದು ಲೀಟರೆಂದು ಅದರ ಮೇಲೆ ಬರೆದದ್ದೂ ಮಗ್ಗು ಮಾಡಿದವರೇ. ಒಂದು ಪಂಪ್ ಸದ್ದು ಮಾಡುತ್ತದೆಂದು ಬೇಡವಾಯಿತು. ಇನ್ನೊಂದು ಸದ್ದೇ ಮಾಡುವುದಿಲ್ಲ, ನಿಜವಾಗಿ ಓಡುತ್ತಿದೆಯೋ ಇಲ್ಲವೋ ಎಂದು ಬೇಡವಾಯಿತು.

ಈ ನಡುವೆ ಅವರನ್ನು ಇನ್ನೊಂದು ಅನುಮಾನ ಕೊರೆಯತೊಡಗಿತ್ತು. ಮೀನುಗಳು ಸಾಯುತ್ತಿರಲಿಲ್ಲ. ಹೆಂಡತಿ ಸೌಟು ಕೆಳಗಿಟ್ಟು ಹಾಯಾಗಿ ರೇಡಿಯೋ ಕೇಳುತ್ತಿದ್ದರೂ ಅವು ಖುಷಿಯಾಗಿ ಈಜುತ್ತಿದ್ದವು.

"ಇವು ಯಾಕೆ ಇನ್ನೂ ಬದುಕಿವೆ?"

"ಬದುಕಬಾರದಾ?" ಎಂದಳು ಹೆಂಡತಿ, ಮುಖ ಆಚೆ ತಿರುಗಿಸಿ.

"ಇದರಲ್ಲಿ ಏನೋ ಇದೆ."

ಶನಿವಾರ ಅವರು ದೊಡ್ಡ ಪಂಪನ್ನು ಅಡಿಯ ತೊಟ್ಟಿಗೇ ಇಳಿಸಿ ಪರೀಕ್ಷೆ ಮಾಡಿದರು. ನೀರು ರಭಸವಾಗಿ ಮೇಲಕ್ಕೆ ಹೋಯಿತು. ಅಳೆಯಲೆಂದು ಸ್ವಿಚ್ ಆರಿಸಿದರು. ಮೇಲೆ ಹೋದ ನೀರು ಅದೇ ಕೊಳವೆಯಲ್ಲಿ ಹಿಂದಿರುಗಿ, ಅಡಿಯ ತೊಟ್ಟಿ ತುಂಬಿ, ಹಾಲಿನ ತುಂಬ ಹರಿಯಿತು. ಪಂಪ್ ನಿಂತರೆ ನೀರು ಕೆಳಗಿಳಿಯುತ್ತದೆ, ಅಡಿಯ ತೊಟ್ಟಿಯಲ್ಲಿ ಅದಕ್ಕೆ ಜಾಗ ಬಿಟ್ಟಿರಬೇಕು ಎಂದು ಅಂಗಡಿಯವರೆಲ್ಲರೂ ಹೇಳಿದ್ದರು. ಎಲ್ಲರೂ ಒಂದೇ ಮಾತು ಹೇಳಿದ್ದರಿಂದಲೇ ಅವರು ನಂಬಿರಲಿಲ್ಲ.

ಸಮುದ್ರ ನೆಲದಲ್ಲಿ ಇಂಗಿ, ಕೆಳಮನೆಯ ಟೈಲರಮ್ಮ ಹೊಲಿಯುತ್ತಿದ್ದ ಬಿಳಿ ಅಂಗಿಯ ಮೇಲೆ ಹನಿಹನಿಯಾಗಿ ಬಿತ್ತು. ಅವರು ಮೇಲೆ ನೋಡಿದರು. ಒಂದು ಹನಿ ತುಟಿಯ ಮೇಲೇ ಬಿತ್ತು. ನೆಕ್ಕಿ ನೋಡಿದರು. ಹೊಲಿಗೆ ಯಂತ್ರ ನಿಲ್ಲಿಸಿ ನೇರವಾಗಿ ಡಾಕ್ಟರ ಮನೆಗೆ ಹೋದರು.

"ಡಾಕ್ಟ್ರೇ, ನೀರು ಉಪ್ಪಗಿದೆ. ನಮ್ಮ ನಲ್ಲಿ ನೀರು ಉಪ್ಪಗಿಲ್ಲ. ಹಾಗಾದ್ರೆ ಈ ಮನುಷ್ಯ ಎಲ್ಲಿಂದ ಎಳೀತಿದ್ದಾನೆ?"

ಡಾಕ್ಟರು ಬಹಳ ದಿನಗಳ ಮೇಲೆ ನಕ್ಕರು.

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಭಾವಮೈದುನನೆಂದು ತೆರೆದರೆ, ನೀರು ಇಲಾಖೆಯ ಇನ್‌ಸ್ಪೆಕ್ಟರು ನಿಂತಿದ್ದರು. ಅವರ ಬೆನ್ನಿಗೆ ಡಾಕ್ಟರು, ಟೈಲರಮ್ಮ, ಅವರ ಹಿಂದೆ ಇಡೀ ಕಟ್ಟಡ.

"ಇಲ್ಲಿ ಮಗು ಇದೆಯಂತೆ," ಎಂದರು ಇನ್‌ಸ್ಪೆಕ್ಟರು. "ನೋಡಬಹುದಾ?"

"ಮಗು ಊರಿಗೆ ಹೋಯ್ತು," ಎಂದರು ತಪಾಸಣೆಯವರು.

ಬಚ್ಚಲುಮನೆಯ ಬಾಗಿಲಿಗೆ ಬೀಗವಿತ್ತು. ಬೀಗ ತೆಗೆಸಿದರು. ಒಳಗೆ ಸಾಲಾಗಿ ಬಕೆಟ್ಟುಗಳು, ಬಕೆಟ್ಟಿಗೊಂದು ಪಂಪ್. ಹೊರಗಿದ್ದವರ ಬಾಯಿಂದ ಒಂದು ದೊಡ್ಡ ಉಸಿರು ಹೊರಟಿತು. ಇಷ್ಟು ದಿನ ಕಟ್ಟಡದಲ್ಲಿ ಒಂದು ಪಂಪ್ ಇರಬಹುದೆಂಬ ಗುಮಾನಿಯಿತ್ತು. ಗೂಡೇ ಸಿಕ್ಕೀತೆಂದು ಯಾರೂ ಎಣಿಸಿರಲಿಲ್ಲ.

"ಇಷ್ಟು ಪಂಪ್ ಇಟ್ಕೊಂಡು ಒಂದು ಮನೆಗೆ ನೀರು ಎಳೀತಿದ್ದೀರೋ, ಒಂದು ಪೇಟೆಗೋ?" ಎಂದರು ಇನ್‌ಸ್ಪೆಕ್ಟರು.

"ಸಾರ್, ಇವು ಮೀನಿಗೆ. ಯಾವುದು ಒಳ್ಳೇದು ಅಂತ ಆರಿಸ್ತಾ ಇದ್ದೆ."

"ಎಷ್ಟು ಮೀನಿವೆ?"

"ಎರಡು."

ಇನ್‌ಸ್ಪೆಕ್ಟರು ಪಂಪುಗಳನ್ನು ನೋಡಿದರು, ಮೀನುಗಳನ್ನು ನೋಡಿದರು. ತೊಟ್ಟಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ ಮುಖ ಹಿಂಡಿದರು. "ಉಪ್ಪು ಸರಿ. ಆದ್ರೆ ಇದರಲ್ಲಿ ಏನೋ ಇದೆ," ಎಂದರು.

ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ತಪಾಸಣೆಯವರಿಗೆ ಮೈ ಉರಿಯಿತು. ಅಷ್ಟರಲ್ಲಿ ಡಾಕ್ಟರು ಗಾಜಿಗೆ ಮೂಗು ಒತ್ತಿ ಒಳಗಿನ ಕಲ್ಲಿನ ಸಂದಿಯನ್ನು ದಿಟ್ಟಿಸುತ್ತಿದ್ದರು. ಅಲ್ಲಿ ನಿಂಬೆಹಣ್ಣಿನ ಗಾತ್ರದ್ದೇನೋ ಸದ್ದಿಲ್ಲದೆ ನೀರನ್ನು ಆಡಿಸುತ್ತಿತ್ತು.

"ಅದು ನಂದು," ಎಂದರು ಡಾಕ್ಟರು. "ಅದು ನನ್ನ ಕಾರಂಜಿ ಪಂಪು."

ಎಲ್ಲರೂ ತಪಾಸಣೆಯವರತ್ತ ತಿರುಗಿದರು. ತಪಾಸಣೆಯವರು ಹೆಂಡತಿಯತ್ತ ತಿರುಗಿದರು.

"ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು," ಎಂದಳು ಹೆಂಡತಿ. "ನಿಮ್ಮ ಪರೀಕ್ಷೆ ಮುಗಿಯೋವರೆಗೂ ಸೌಟು ಆಡಿಸಿದ್ರೆ ನನ್ನ ಕೈಯೂ ಹೋಗ್ತಿತ್ತು, ಮೀನೂ ಹೋಗ್ತಿದ್ವು. ಮೊದಲನೇ ದಿನಾನೇ ಹಾಕ್ದೆ. ಚೆನ್ನಾಗಿ ನಡೀತಿದೆ."

ಅದೇ ಹೊತ್ತಿಗೆ ಭಾವಮೈದುನ ಬಂದ. ಬಾಗಿಲಲ್ಲಿ ಜನಜಂಗುಳಿ ಕಂಡು ಅವನ ಮುಖ ಅರಳಿತು. "ಏನ್ ಭಾವ, ಸಮುದ್ರ ನೋಡೋಕೆ ಇಷ್ಟು ಜನಾನಾ?"

"ನಿಯಮ ಅಂದ್ರೆ ನಿಯಮ. ಪಂಪ್ ಅಂದ್ರೆ ಪಂಪ್," ಎಂದು ಡಾಕ್ಟರು ಮುಂದೆ ನಡೆದರು. ಸಂಪರ್ಕ ಕಡಿಯಲು ಎಲ್ಲರೂ ನೆಲಮಾಳಿಗೆಗೆ ಇಳಿದರು. ತಪಾಸಣೆಯವರ ಹೆಂಡತಿಯೂ ಕೈಯಲ್ಲಿ ಸೌಟು ಹಿಡಿದೇ ಇಳಿದಳು. ಒಂದು ತಿಂಗಳು ಪಾತ್ರೆ ತೊಳೆಯುವುದು ಹೇಗೆ, ಬಟ್ಟೆ ಒಗೆಯುವುದು ಹೇಗೆ ಎಂದು ಅವಳು ಮೆಟ್ಟಿಲುದ್ದಕ್ಕೂ ಕೇಳುತ್ತಿದ್ದಳು. ಗಂಡ ಮೊದಲ ಸಲ ಅನುಮಾನಿಸದೆ ಕೇಳಿಸಿಕೊಳ್ಳುತ್ತಿದ್ದರು.

ಇನ್‌ಸ್ಪೆಕ್ಟರು ಟಾರ್ಚು ಹಿಡಿದು ಕೊಳವೆಗಳನ್ನು ಹುಡುಕುತ್ತ ಮೂಲೆಗೆ ಹೋದವರು ಅಲ್ಲೇ ನಿಂತುಬಿಟ್ಟರು.

"ಇಲ್ಲಿ ಬನ್ನಿ. ಇಡೀ ಕಟ್ಟಡಕ್ಕೆ ನೀರು ಬಿಡೋ ವಾಲ್ವನ್ನ ಮುಕ್ಕಾಲು ಮುಚ್ಚಿದ್ದಾರೆ. ಮೇಲೆ ಸರಪಳಿ ಸುತ್ತಿ ಬೀಗ ಬೇರೆ ಜಡಿದಿದ್ದಾರೆ. ನಿಮಗೆ ನೀರು ಬರದೆ ಇರೋದು ಪಂಪಿನಿಂದ ಅಲ್ಲ, ಇದರಿಂದ. ಯಾರು ಹಾಕಿದ್ದು ಇದನ್ನ?"

ಯಾರಿಗೂ ಗೊತ್ತಿರಲಿಲ್ಲ. ತಪಾಸಣೆಯವರಿಗೆ ಹೋದ ಜೀವ ಬಂದಂತಾಯಿತು. ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ನಾನು ಹೇಳಲಿಲ್ವಾ, ಇದರಲ್ಲಿ ಏನೋ ಇದೆ ಅಂತ? ಇದು ಸಾಮಾನ್ಯರ ಕೆಲಸ ಅಲ್ಲ. ನೆರೆಹೊರೆಯವರ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲದ, ಬಹಳ ಕೆಟ್ಟ ಮನಸ್ಸಿನ ಮನುಷ್ಯನ ಕೆಲಸ. ಇಷ್ಟು ದಿನ ನಾವೆಲ್ಲ ಒಬ್ಬರನ್ನೊಬ್ಬರು ಅನುಮಾನದಿಂದ ನೋಡೋ ಹಾಗೆ ಮಾಡಿದ್ದಾನೆ. ನನ್ನದು ಕಡೀಬೇಡಿ, ಅವನದ್ದು ಕಡೀರಿ. ಈ ಬೀಗ ಯಾರದ್ದೋ ಅವನ ಮನೆಗೆ ತಿಂಗಳು ನೀರು ಕೊಡಬಾರದು. ಒಪ್ಪಿಗೆನಾ?"

ಮಾತು ನ್ಯಾಯವಾಗಿತ್ತು. ಡಾಕ್ಟರು ಸಹ ತಲೆಯಾಡಿಸಿದರು. ಎಲ್ಲರೂ ಒಪ್ಪಿದರು.

ಬೀಗ ಒಡೆಯಲು ಇನ್‌ಸ್ಪೆಕ್ಟರು ಸುತ್ತಿಗೆ ಕೇಳಿದರು. ಹೆಂಡತಿ ಮಾತ್ರ ಬೀಗವನ್ನೇ ನೋಡುತ್ತಿದ್ದಳು. ಪುಟ್ಟ ಹಿತ್ತಾಳೆ ಬೀಗ. ಅವಳು ಸೌಟನ್ನು ಕಂಕುಳಿಗೆ ಸಿಕ್ಕಿಸಿ, ಗಂಡನ ಸೊಂಟದಿಂದ ಗೊಂಚಲು ಬಿಡಿಸಿಕೊಂಡು, ಗುರುತಿಲ್ಲದ ಆ ಕೀಯನ್ನು ಹುಡುಕಿ ತೂರಿಸಿದಳು. ಬೀಗ ಬೆಣ್ಣೆಯಂತೆ ತೆರೆದುಕೊಂಡಿತು.

"ಹೋದ ಬೇಸಿಗೇಲಿ," ಎಂದಳು ಅವಳು ನಿಧಾನವಾಗಿ, "ಕೆಳಗಿನವರು ನೀರು ಪೋಲು ಮಾಡ್ತಾರೆ ಅಂತ ಒಂದು ದಿನ ಕೆಳಗೆ ಹೋಗಿ ಬಂದಿದ್ರಿ. ಕೈಯೆಲ್ಲ ತುಕ್ಕಾಗಿತ್ತು."

ಇನ್‌ಸ್ಪೆಕ್ಟರು ಚಕ್ರ ತಿರುಗಿಸಿದರು. ಗೋಡೆಯೊಳಗೆ ನೀರು ಭೋರ್ಗರೆದು ಮೇಲಕ್ಕೆ ಹೋಯಿತು. ತೆರೆದೇ ಬಿಟ್ಟಿದ್ದ ನಲ್ಲಿಗಳಿಂದ ಮಹಡಿ ಮಹಡಿಯಲ್ಲೂ ಸದ್ದು ಕೇಳಿಸಿತು. ತಪಾಸಣೆಯವರು ಕೀಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ನನ್ನ ಗೊಂಚಲಿಗೆ ಯಾರೋ ಸೇರಿಸಿದ್ದಾರೆ," ಎಂದರು.

ಯಾರೂ ನಂಬಲಿಲ್ಲ. ನಂಬದಿರುವುದನ್ನು ಅವರೆಲ್ಲ ಅವರಿಂದಲೇ ಕಲಿತಿದ್ದರು.

ಎರಡು ನಿಯಮ, ಎರಡೂ ಅವರವೇ, ಎರಡರಲ್ಲೂ ಅಪರಾಧಿ ಅವರೇ. ಆದರೂ ಹೆಂಡತಿಯ ಮುಖ ನೋಡಿ ಕಟ್ಟಡದವರು ಒಂದೇ ತಿಂಗಳ ಶಿಕ್ಷೆಗೆ ಒಪ್ಪಿದರು. ನೆಲಮಾಳಿಗೆಯ ನಲ್ಲಿಯಿಂದ ಬೇಕಾದಷ್ಟು ಹಿಡಿದುಕೊಂಡು ಹೋಗಬಹುದು, ಕೈಯಲ್ಲಿ. ಡಾಕ್ಟರು ತಮ್ಮ ಪಂಪನ್ನು ವಾಪಸು ತೆಗೆದುಕೊಳ್ಳಲಿಲ್ಲ. ದಿನಾ ಸಂಜೆ ಬಂದು ಸ್ಟೂಲಿನ ಮೇಲೆ ಕೂತು ಎರಡು ಮೀನುಗಳನ್ನು ನೋಡುತ್ತಾರೆ. ಕಾರಂಜಿಗಿಂತ ಇದೇ ಸಮಾಧಾನವಂತೆ. ಟೈಲರಮ್ಮ ಬಂದಾಗಲೆಲ್ಲ ಮಗು ಹೇಗಿದೆ ಎಂದು ಕೇಳದೆ ಹೋಗುವುದಿಲ್ಲ. ಅಂಗಡಿಯ ಪಂಪುಗಳೆಲ್ಲ ಅಂಗಡಿಗೆ ಹಿಂದಿರುಗಿದವು.

ಹೀಗೆ ಆ ತಿಂಗಳು ಆ ಕಟ್ಟಡದಲ್ಲಿ ನೀರನ್ನು ಮೇಲಕ್ಕೆತ್ತುವ ದೊಡ್ಡ ಪಂಪ್ ಎಂದರೆ ತಪಾಸಣೆಯವರೊಬ್ಬರೇ. ಸದ್ದು ಮಾತ್ರ ಬಹಳ. ಮೊದಲನೆಯ ದಿನ ನೆಲಮಾಳಿಗೆಯಲ್ಲಿ ಬಕೆಟ್ಟನ್ನು ಕಂಠದವರೆಗೆ ತುಂಬಿಸಿ, ಏದುಸಿರು ಬಿಡುತ್ತ, ಮೆಟ್ಟಿಲುದ್ದಕ್ಕೂ ಚೆಲ್ಲುತ್ತ, ಮೂರನೇ ಮಹಡಿ ತಲುಪಿ ಹೆಂಡತಿಯ ಮುಂದೆ ಇಳಿಸಿದರು. ಅವಳು ಬಗ್ಗಿ ನೋಡಿದಳು.

"ಇದೇನ್ರೀ, ಅರ್ಧಾನೇ ಇದೆ? ಉಳಿದಿದ್ದು ಎಲ್ಲಿಗೆ ಹೋಯ್ತು?"

ತಪಾಸಣೆಯವರು ಗೋಡೆಗೊರಗಿ ಕೂತು, ಸೊಂಟ ಹಿಡಿದುಕೊಂಡು, ಉಸಿರು ಹಿಂದಿರುಗುವವರೆಗೆ ಕಾದರು.

"ಎತ್ತರಕ್ಕೆ ಬಂದಷ್ಟೂ ಕಮ್ಮಿ ಆಗುತ್ತೆ ಕಣೆ," ಎಂದರು. "ಪೆಟ್ಟಿಗೆ ಮೇಲೆ ಬರೆದಿರುತ್ತೆ."